ಕಾಲು ಉಳಿಯುತ್ತದೆಯೇ? ಮಧುಮೇಹದ ಪಾದದ ಹುಣ್ಣು: ತಪ್ಪು ಕಲ್ಪನೆ ಮತ್ತು ವಾಸ್ತವ

ಸಕ್ಕರೆ ಕಾಯಿಲೆಯವರ ಪಾದದಲ್ಲಿ ಹುಣ್ಣಾದಾಗ ಮನೆಯವರು ಕೇಳುವುದು ಒಂದೇ ಪ್ರಶ್ನೆ: "ಕಾಲು ಉಳಿಯುತ್ತಾ ಡಾಕ್ಟ್ರೇ?" ಡಾಕ್ಟರು ಬಾಯಿ ತೆರೆಯುವ ಮೊದಲೇ ಸುತ್ತಲಿನವರು ಉತ್ತರ ಕೊಟ್ಟಾಗಿರುತ್ತದೆ. ಗಾಯ ಚಿಕ್ಕದು, ಏನೂ ಆಗಲ್ಲ ಎನ್ನುತ್ತಾರೆ ಪಕ್ಕದ ಮನೆಯವರು. ಬೆರಳು ಕಪ್ಪಾಗಿದೆ, ಇನ್ನು ಕಾಲು ಹೋದಂತೆಯೇ ಎನ್ನುತ್ತಾರೆ ನೆಂಟರು. ಶುಗರ್ ಇಳಿಸಿದರೆ ಎಲ್ಲ ಸರಿಹೋಗುತ್ತೆ ಎನ್ನುವವರು ಇನ್ನೊಬ್ಬರು. ಮೂರೂ ಬರೀ ಊಹೆ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಮಧುಮೇಹಿಗಳಲ್ಲಿ ಶೇ 19ರಿಂದ 34ರಷ್ಟು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಪಾದದಲ್ಲಿ ಹುಣ್ಣಾಗುತ್ತದೆ ಎಂಬುದು ತಜ್ಞರ ಲೆಕ್ಕ. ಮಧುಮೇಹದಿಂದ ಕಾಲು ಕಳೆದುಕೊಂಡವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಎಲ್ಲವೂ ಶುರುವಾದದ್ದು ಇಂಥದೊಂದು ಹುಣ್ಣಿನಿಂದ. ಹುಣ್ಣಿನ ಮುಂದಿನ ಗತಿಯನ್ನು ಅಂದಾಜಿಸಲು ವೈದ್ಯರ ಬಳಿ ಅಳತೆಗಳಿವೆ, ಅಂಕಗಳಿವೆ, ಪರೀಕ್ಷೆಗಳಿವೆ. ಅವು ಗೊತ್ತಿದ್ದರೆ ಯಾವಾಗ ಹೆದರಬೇಕು, ಯಾವಾಗ ಓಡಬೇಕು, ಯಾವಾಗ ತಾಳ್ಮೆಯಿಂದ ಇರಬಹುದು ಎಂಬುದು ಮನೆಯವರಿಗೂ ಅರ್ಥವಾಗುತ್ತದೆ.

ತಪ್ಪು ಕಲ್ಪನೆ 1: "ಗಾಯ ಚಿಕ್ಕದು, ತಾನಾಗಿಯೇ ಮಾಯುತ್ತೆ"

ವಾಸ್ತವ: ಅಂಗಾಲಿನ ಹುಣ್ಣಿನ ಬಾಯಿ ನೋಡಿ ಒಳಗಿನದನ್ನು ಹೇಳಲಾಗದು. ಮಧುಮೇಹಿಗಳಲ್ಲಿ ಬಹಳಷ್ಟು ಹುಣ್ಣುಗಳು ಜಡ್ಡುಗಟ್ಟಿದ ಚರ್ಮದ ಅಡಿಯಲ್ಲಿ ಹುಟ್ಟುತ್ತವೆ. ಮೇಲೆ ಕಾಣುವುದು ಕಡಲೆಕಾಳಿನಷ್ಟು ತೂತು. ಜಡ್ಡನ್ನು ಕೆತ್ತಿ ತೆಗೆದರೆ ಒಳಗೆ ಸ್ನಾಯುರಜ್ಜುವಿನ ತನಕ, ಕೆಲವೊಮ್ಮೆ ಕೀಲಿನ ತನಕ ಹೋಗಿರುತ್ತದೆ. ಆದ್ದರಿಂದಲೇ ಸತ್ತ ಚರ್ಮ, ಜಡ್ಡು ಎಲ್ಲ ತೆಗೆಯದೆ ಹುಣ್ಣಿಗೆ ಯಾವ ಗ್ರೇಡ್ ಕೊಟ್ಟರೂ ಅದನ್ನು ನಂಬುವಂತಿಲ್ಲ.

ಆಳ ಅಳೆಯಲು ದೊಡ್ಡ ಯಂತ್ರವೂ ಬೇಡ. ತುದಿ ಮೊಂಡಾದ, ಶುದ್ಧಗೊಳಿಸಿದ ಲೋಹದ ಕಡ್ಡಿಯನ್ನು ಗಾಯದೊಳಗೆ ಮೆಲ್ಲಗೆ ಇಳಿಸುತ್ತಾರೆ. ತುದಿಗೆ ಗಟ್ಟಿಯಾಗಿ, ಕಲ್ಲಿನಂತೆ ತಾಗಿದರೆ ಅದು ಮೂಳೆ. 1995ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಸೋಂಕಾಗಿ ಆಸ್ಪತ್ರೆ ಸೇರಿದ್ದವರಲ್ಲಿ ಹೀಗೆ ಮೂಳೆ ತಾಗಿದಾಗ ಶೇ 89ರಷ್ಟು ಸಲ ಮೂಳೆಗೆ ನಿಜವಾಗಿಯೂ ಸೋಂಕಿತ್ತು. ಸೋಂಕಿನ ಲಕ್ಷಣವಿಲ್ಲದ ಹೊರರೋಗಿಗಳಲ್ಲಿ ಈ ಖಚಿತತೆ ಕಡಿಮೆ. ಅಲ್ಲಿ ಮೂಳೆ ತಾಗದಿದ್ದರೆ ಸಿಗುವ ಸಮಾಧಾನವೇ ಹೆಚ್ಚು ನಂಬಿಕೆಗೆ ಅರ್ಹ. ಈ ಪರೀಕ್ಷೆಯನ್ನು ವೈದ್ಯರೇ ಮಾಡಬೇಕು. ಮನೆಯಲ್ಲಿ ಕಡ್ಡಿ, ಪಿನ್ನು ಹಾಕಿ ನೋಡುವ ಸಾಹಸ ಬೇಡ.

ತಪ್ಪು ಕಲ್ಪನೆ 2: "ನೋವೇ ಇಲ್ಲ, ಅಂದಮೇಲೆ ಗಂಭೀರವಲ್ಲ"

ವಾಸ್ತವ: ನೋವಿಲ್ಲದಿರುವುದೇ ಇಲ್ಲಿ ಕಾಯಿಲೆಯ ಲಕ್ಷಣ. ವರ್ಷಗಟ್ಟಲೆ ಏರಿದ ಸಕ್ಕರೆ ಪಾದದ ನರಗಳನ್ನು ಸಾಯಿಸಿರುತ್ತದೆ. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಬಂದವರಿಗೆ ಅಂಗಾಲು ಬೊಬ್ಬೆಯೆದ್ದದ್ದು ತಿಳಿಯುವುದು ಮನೆಗೆ ಬಂದು ಕಾಲು ತೊಳೆಯುವಾಗ. ಚಪ್ಪಲಿಯೊಳಗಿನ ಮೊಳೆ ಇಡೀ ದಿನ ಚುಚ್ಚಿದರೂ ಗೊತ್ತಾಗುವುದಿಲ್ಲ. ರಾತ್ರಿ ಮಲಗಿದ್ದಾಗ ಇಲಿ ಬೆರಳು ಕಚ್ಚಿದರೂ ಎಚ್ಚರವಾಗದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರು ದಾಖಲಿಸಿದ್ದಾರೆ. ಬಿಗಿಯಾದ ಕಾಲುಂಗುರ ಒತ್ತಿ ಆದ ಗಾಯವೂ ಹೀಗೆಯೇ ಕಣ್ಣಿಗೆ ತಪ್ಪುತ್ತದೆ.

ಸ್ಪರ್ಶ ಉಳಿದಿದೆಯೇ ಎಂದು ಮನೆಯಲ್ಲೇ ನೋಡಬಹುದು. ಕಣ್ಣು ಮುಚ್ಚಿಸಿ, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳಲ್ಲಿ ಮುಟ್ಟಿದ್ದು ತಿಳಿಯದಿದ್ದರೆ ಆ ಪಾದ ಅಪಾಯದಲ್ಲಿದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನಲ್ಲಿ ರೂಪಿಸಿದ ಈ ಪರೀಕ್ಷೆಗೆ ಖರ್ಚೂ ಇಲ್ಲ, ಉಪಕರಣವೂ ಬೇಡ.

ತಪ್ಪು ಕಲ್ಪನೆ 3: "ಪಾದ ಬೆಚ್ಚಗಿದೆ, ರಿಪೋರ್ಟೂ ನಾರ್ಮಲ್, ರಕ್ತ ಸಂಚಾರ ಸರಿಯಿದೆ"

ವಾಸ್ತವ: ಹುಣ್ಣಿನ ಭವಿಷ್ಯ ನಿರ್ಧರಿಸುವ ಸಂಗತಿಗಳಲ್ಲಿ ರಕ್ತ ಸಂಚಾರಕ್ಕೆ ಅಗ್ರಸ್ಥಾನ. ಜನ ಹೆಚ್ಚು ಮೋಸಹೋಗುವುದೂ ಇಲ್ಲಿಯೇ.

ನರಗಳು ಕೆಟ್ಟ ಪಾದದಲ್ಲಿ ಚರ್ಮದ ಸಣ್ಣ ರಕ್ತನಾಳಗಳು ಸದಾ ತೆರೆದುಕೊಂಡಿರುತ್ತವೆ. ಅಂಥ ಪಾದ ಬೆಚ್ಚಗೆ ತೋರುತ್ತದೆ, ಆದರೆ ಮೀನಖಂಡದ ಕೆಳಗಿನ ಅಪಧಮನಿ ಕಟ್ಟಿಕೊಂಡಿರಬಹುದು. ನಡೆಯುವಾಗ ಮೀನಖಂಡ ಹಿಡಿದುಕೊಳ್ಳುವ ನೋವು ರಕ್ತ ಕಡಿಮೆಯಾದದ್ದರ ಸೂಚನೆ; ನರ ಸತ್ತವರಿಗೆ ಅದೂ ಬಾರದು.

ಕಣಕಾಲಿನ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುವ ಎಬಿಐ ಪರೀಕ್ಷೆ ನಮ್ಮಲ್ಲಿ ಸಾಮಾನ್ಯ. 0.9ಕ್ಕಿಂತ ಕಡಿಮೆಯಾದರೆ ರಕ್ತನಾಳ ಕಟ್ಟಿದೆ ಎಂದರ್ಥ. ಆದರೆ ಹಳೆಯ ಮಧುಮೇಹಿಗಳಲ್ಲಿ, ಅದರಲ್ಲೂ ಮೂತ್ರಪಿಂಡ ಸೋತವರಲ್ಲಿ, ಅಪಧಮನಿಯ ಗೋಡೆಗೆ ಸುಣ್ಣ ಕಟ್ಟಿ ಅದು ಬಿರುಸಾಗಿರುತ್ತದೆ. ಪಟ್ಟಿ ಎಷ್ಟು ಬಿಗಿದರೂ ಅದು ಅಮುಕಿಕೊಳ್ಳದು; ಒತ್ತಡ ಹುಸಿಯಾಗಿ ಏರಿ, ಎಬಿಐ 'ನಾರ್ಮಲ್' ಎಂದೋ 1.3ಕ್ಕಿಂತ ಮೇಲೆಂದೋ ಬರುತ್ತದೆ. ಕಾಗದದಲ್ಲಿ ಎಲ್ಲ ಸರಿ, ಪಾದದಲ್ಲಿ ರಕ್ತವಿಲ್ಲ.

ಹೆಬ್ಬೆರಳಿನ ಸಣ್ಣ ನಾಳಗಳಿಗೆ ಹೀಗೆ ಸುಣ್ಣ ಕಟ್ಟುವುದು ಕಡಿಮೆ. ಹಾಗಾಗಿ ಬೆರಳಿನ ರಕ್ತದೊತ್ತಡವೇ ಹೆಚ್ಚು ನಿಜ ಹೇಳುತ್ತದೆ. ಅದು 30 ಮಿ.ಮೀ. ಪಾದರಸಕ್ಕಿಂತ ಕೆಳಗಿದ್ದರೆ, ಅಥವಾ ಚರ್ಮದ ಮೇಲಿಂದ ಅಳೆಯುವ ಆಮ್ಲಜನಕದ ಒತ್ತಡ 25ಕ್ಕಿಂತ ಕೆಳಗಿದ್ದರೆ, ತಡಮಾಡದೆ ರಕ್ತನಾಳಗಳ ಚಿತ್ರಣ ಮಾಡಿಸಬೇಕು, ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಸಾಧ್ಯವೇ ಎಂದು ನೋಡಬೇಕು ಎನ್ನುತ್ತವೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು. ಈ ಸೌಲಭ್ಯ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲಿ ಇರಲಾರದು. ಇಲ್ಲವೆಂದಾದರೆ ರಕ್ತನಾಳ ತಜ್ಞರಿರುವ ಕಡೆಗೆ ಬರೆದುಕೊಡಿ ಎಂದು ಕೇಳಲು ಸಂಕೋಚ ಬೇಡ. ರಕ್ತವೇ ಹರಿಯದ ಪಾದಕ್ಕೆ ಆಂಟಿಬಯೋಟಿಕ್ ಕೊಡುವುದೆಂದರೆ ನೀರು ಬಾರದ ನಾಲೆಯ ಕೊನೆಯ ಗದ್ದೆಗೆ ಗೊಬ್ಬರ ಸುರಿದಂತೆ.

ತಪ್ಪು ಕಲ್ಪನೆ 4: "ಜ್ವರ ಇಲ್ಲ, ಹಾಗಾಗಿ ಸೋಂಕಿಲ್ಲ"

ವಾಸ್ತವ: ಪಾದದ ಸೋಂಕು ತೀವ್ರವಾಗಿರುವ ಮಧುಮೇಹಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಜ್ವರವೂ ಇರುವುದಿಲ್ಲ, ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳೂ ಏರಿರುವುದಿಲ್ಲ. ಕಾರಣವಿಲ್ಲದೆ ಸಕ್ಕರೆ ದಿಢೀರನೆ ಏರಿ ಇನ್ಸುಲಿನ್‌ಗೂ ಬಗ್ಗದಿರುವುದು ಎಷ್ಟೋ ಸಲ ಒಳಗಿನ ಕೀವಿನ ಮೊದಲ ಸುಳಿವು.

ಕಣ್ಣಿಗೆ ಕಾಣುವ ಗುರುತುಗಳು ಬೇರೆ ಇವೆ. ಗಾಯದ ಅಂಚಿನಿಂದ ಎರಡು ಸೆಂಟಿಮೀಟರಿಗೂ ಆಚೆ ಹರಡಿದ ಕೆಂಪು, ಊತ, ಬಿಸಿ, ಕೀವು, ದುರ್ವಾಸನೆ. ಈವರೆಗೆ ನೋವಿಲ್ಲದ ಪಾದದಲ್ಲಿ ಹೊಸದಾಗಿ ಶುರುವಾದ ನೋವು. ಬೆರಳ ಸಂದಿನ ಕೀವು ಅಂಗಾಲಿನ ಪದರಗಳ ಮೂಲಕ ಹಿಮ್ಮಡಿಯ ಕಡೆಗೆ ಸರಸರನೆ ಹರಿಯುತ್ತದೆ. ಮುಟ್ಟಿದರೆ ಚರಚರ ಎನ್ನುವ ಚರ್ಮ, ನೇರಳೆ ಬಣ್ಣದ ಬೊಬ್ಬೆ, ರೋಗಿಗೆ ಮಂಕು ಕವಿಯುವುದು ಕಂಡರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಇಂಥ ಸೋಂಕಿನಲ್ಲಿ ಕೀವು ಬಿಡಿಸಲು ಒಂದು ದಿನ ತಡವಾದರೂ ಉಳಿಯಬಹುದಾಗಿದ್ದ ಪಾದ ಹೋಗಬಹುದು.

ತಪ್ಪು ಕಲ್ಪನೆ 5: "ಕಲ್ಚರ್‌ನಲ್ಲಿ ಕ್ರಿಮಿ ಬಂದಿದೆ, ಆಂಟಿಬಯೋಟಿಕ್ ಬೇಕೇ ಬೇಕು"

ವಾಸ್ತವ: ತೆರೆದ ಗಾಯ ಯಾವುದೇ ಇರಲಿ, ಹತ್ತಿಯಿಂದ ಒರೆಸಿ ಕಳಿಸಿದರೆ ಏನಾದರೊಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ. ಸೋಂಕು ಇದೆಯೇ ಇಲ್ಲವೇ ಎಂದು ಹೇಳುವುದು ವೈದ್ಯರ ಕಣ್ಣು ಮತ್ತು ಕೈ. ಸೋಂಕಿನ ಯಾವ ಗುರುತೂ ಇಲ್ಲದ ಹುಣ್ಣಿಗೆ ಆಂಟಿಬಯೋಟಿಕ್ ಬೇಕಿಲ್ಲ. ಕೊಟ್ಟರೆ ಬೇಗ ಮಾಯುವುದೂ ಇಲ್ಲ. ಸೋಂಕಿದ್ದಾಗ ಗಾಯವನ್ನು ಶುಚಿಮಾಡಿ, ಆಳದ ಅಂಗಾಂಶದ ಚೂರನ್ನು ಕಲ್ಚರಿಗೆ ಕಳಿಸಿದರೆ ಸರಿಯಾದ ಔಷಧ ಯಾವುದೆಂದು ತಿಳಿಯುತ್ತದೆ.

ತಪ್ಪು ಕಲ್ಪನೆ 6: "ಎಕ್ಸ್‌ರೇ ಚೆನ್ನಾಗಿದೆ, ಮೂಳೆಗೆ ಏನೂ ಆಗಿಲ್ಲ"

ವಾಸ್ತವ: ಮೂಳೆಗೆ ಸೋಂಕು ತಗುಲಿ ಎರಡು ಮೂರು ವಾರ ಕಳೆದ ಮೇಲಷ್ಟೇ ಎಕ್ಸ್‌ರೇಯಲ್ಲಿ ಗುರುತು ಕಾಣುತ್ತದೆ. ಮೊದಲ ಚಿತ್ರ ಸರಿಯಿದ್ದರೂ ಅನುಮಾನ ಉಳಿದರೆ ಕೆಲವು ವಾರ ಬಿಟ್ಟು ಇನ್ನೊಂದು ತೆಗೆಸಬೇಕು ಇಲ್ಲವೇ ಎಂಆರ್‌ಐ ಮಾಡಿಸಬೇಕು. ರಕ್ತ ಪರೀಕ್ಷೆಯಲ್ಲಿ ಉರಿಯೂತದ ಸೂಚಕವಾದ ಇಎಸ್‌ಆರ್ 70 ದಾಟಿದ್ದರೆ, ಲೋಹದ ಕಡ್ಡಿಗೆ ಮೂಳೆ ತಾಗುತ್ತಿದ್ದರೆ, ಬೆರಳು ಕೆಂಪಗೆ ಊದಿ ದಪ್ಪವಾಗಿದ್ದರೆ ಅನುಮಾನ ಬಲವಾಗುತ್ತದೆ. ಮೂಳೆಯ ಸೋಂಕೆಂದರೆ ಬೆರಳು ತೆಗೆಯಲೇಬೇಕು ಎಂದೂ ಇಲ್ಲ. ಕೆಲವರಲ್ಲಿ ಆರು ವಾರಗಳ ಆಂಟಿಬಯೋಟಿಕ್ ಸಾಕಾಗುತ್ತದೆ, ಕೆಲವರಲ್ಲಿ ಕೆಟ್ಟ ಮೂಳೆಯ ಭಾಗವನ್ನಷ್ಟೇ ತೆಗೆಯುತ್ತಾರೆ.

ತಪ್ಪು ಕಲ್ಪನೆ 7: "ಗ್ರೇಡ್ ನಾಲ್ಕು ಅಂದಿದ್ದಾರೆ, ಇನ್ನು ಕಾಲು ಉಳಿಯಲ್ಲ"

ವಾಸ್ತವ: ಯಾವ ಗ್ರೇಡ್ ಎಂದು ಮೊದಲು ಕೇಳಬೇಕು, ಏಕೆಂದರೆ ಬಳಕೆಯಲ್ಲಿರುವ ಪದ್ಧತಿಗಳು ಹಲವು.

ನಮ್ಮ ಆಸ್ಪತ್ರೆಗಳ ಕೇಸ್‌ಶೀಟುಗಳಲ್ಲಿ ಹೆಚ್ಚು ಕಾಣುವುದು ವ್ಯಾಗ್ನರ್ ಗ್ರೇಡ್. 1976ರಲ್ಲಿ ಮೆಗ್ಗಿಟ್ ಸೂಚಿಸಿದ್ದನ್ನು 1981ರಲ್ಲಿ ವ್ಯಾಗ್ನರ್ ಪ್ರಚಾರಕ್ಕೆ ತಂದರು. ಸೊನ್ನೆಯೆಂದರೆ ಚರ್ಮ ಒಡೆದಿಲ್ಲ; ಒಂದು ಎಂದರೆ ಮೇಲುಮೇಲಿನ ಹುಣ್ಣು; ಎರಡು ಎಂದರೆ ಆಳದ್ದು; ಮೂರು ಎಂದರೆ ಕೀವು ಅಥವಾ ಮೂಳೆಯ ಸೋಂಕು; ನಾಲ್ಕು ಎಂದರೆ ಪಾದದ ಮುಂಭಾಗದ ಗ್ಯಾಂಗ್ರೀನ್; ಐದು ಎಂದರೆ ಇಡೀ ಪಾದದ ಗ್ಯಾಂಗ್ರೀನ್. ನೆನಪಿಡಲು ಸುಲಭ, ಆದರೆ ಅದರಲ್ಲಿ ದೊಡ್ಡ ಕೊರತೆಯಿದೆ. ಅಂಗ ಕಪ್ಪಾಗುವ ತನಕ ರಕ್ತದ ಕೊರತೆ ಲೆಕ್ಕಕ್ಕೇ ಬರುವುದಿಲ್ಲ. ರಕ್ತ ಚೆನ್ನಾಗಿ ಹರಿಯುವ ಪಾದದಲ್ಲಿ ಗ್ರೇಡ್ ಮೂರರ ಕೀವನ್ನು ಬೇಗ ಬಿಡಿಸಿದರೆ ಪಾದ ಉಳಿಯಬಹುದು. ರಕ್ತವಿಲ್ಲದ ಪಾದದಲ್ಲಿ ಗ್ರೇಡ್ ಒಂದರ ಹುಣ್ಣೂ ಕಾಲನ್ನು ಕೊಂಡೊಯ್ಯಬಹುದು.

1996ರಲ್ಲಿ ಬಂದ ಟೆಕ್ಸಾಸ್ ವಿಶ್ವವಿದ್ಯಾಲಯದ ಪದ್ಧತಿ ಈ ಕೊರತೆ ತುಂಬಿತು. ಆಳಕ್ಕೆ ಸೊನ್ನೆಯಿಂದ ಮೂರರವರೆಗೆ ಗ್ರೇಡ್, ಜೊತೆಗೆ ಒಂದು ಹಂತ: ಎ ಎಂದರೆ ಎರಡೂ ತೊಂದರೆ ಇಲ್ಲ, ಬಿ ಸೋಂಕು, ಸಿ ರಕ್ತದ ಕೊರತೆ, ಡಿ ಎರಡೂ. 1998ರಲ್ಲಿ 360 ರೋಗಿಗಳನ್ನು ನೋಡಿದಾಗ, ಸೋಂಕೂ ರಕ್ತದ ಕೊರತೆಯೂ ಒಟ್ಟಿಗೆ ಇದ್ದವರಲ್ಲಿ ಪಾದದ ನಡುಭಾಗ ಅಥವಾ ಅದಕ್ಕೂ ಮೇಲಕ್ಕೆ ಕತ್ತರಿಸಬೇಕಾದ ಸಂಭವ ಉಳಿದ ಹಂತದವರಿಗಿಂತ ಸುಮಾರು 90 ಪಟ್ಟು ಇತ್ತು. ಮೂಳೆಯ ತನಕ ಹೋದ ಗಾಯಕ್ಕೆ ಈ ಸಂಭವ 11 ಪಟ್ಟು. ಆಳವೂ ಮುಖ್ಯ, ಆದರೆ ಸೋಂಕು ಮತ್ತು ರಕ್ತದ ಕೊರತೆ ಜೋಡಿಯಾದರೆ ಅದರ ಮುಂದೆ ಆಳ ಸಣ್ಣದು.

ಯೂರೋಪಿನ 10 ದೇಶಗಳ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಂದು ವರ್ಷ ಗಮನಿಸಿದ ಯೂರೋಡಯಾಲ್ ಅಧ್ಯಯನವೂ ಇದೇ ದಿಕ್ಕಿಗೆ ಕೈ ತೋರಿತು. ಸೋಂಕು ಹುಣ್ಣು ಮಾಯುವುದನ್ನು ತಡೆದದ್ದು ರಕ್ತನಾಳ ಕಟ್ಟಿದ್ದವರಲ್ಲಿ. ರಕ್ತ ಸಂಚಾರ ಸರಿಯಿದ್ದು ಚಿಕಿತ್ಸೆ ಸಿಕ್ಕವರಲ್ಲಿ ಸೋಂಕು ಅಷ್ಟು ಅಡ್ಡಿಯಾಗಲಿಲ್ಲ.

ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಕೊಡಬಹುದಾದ ಅಂಕ ಸಿನ್‌ಬ್ಯಾಡ್. ಹುಣ್ಣು ಪಾದದ ನಡುವೆ ಅಥವಾ ಹಿಮ್ಮಡಿಯ ಕಡೆಗಿದೆಯೇ, ಪಾದದ ನಾಡಿ ಕುಗ್ಗಿದೆಯೇ, ಸ್ಪರ್ಶ ಹೋಗಿದೆಯೇ, ಸೋಂಕಿದೆಯೇ, ವಿಸ್ತಾರ ಒಂದು ಚದರ ಸೆಂಟಿಮೀಟರ್ ಮುಟ್ಟಿದೆಯೇ, ಸ್ನಾಯು ಅಥವಾ ಇನ್ನೂ ಆಳಕ್ಕೆ ಹೋಗಿದೆಯೇ? ಆರು ಪ್ರಶ್ನೆ, ಹೌದೆಂದರೆ ಒಂದೊಂದು ಅಂಕ. ಮೂರು ಅಥವಾ ಹೆಚ್ಚು ಬಂದರೆ ಹುಣ್ಣು ಹಟಮಾರಿ ಎಂದರ್ಥ. ಬ್ರಿಟನ್, ಜರ್ಮನಿಗಳ ಜೊತೆ ತಾಂಜಾನಿಯಾ, ಪಾಕಿಸ್ತಾನದ ರೋಗಿಗಳಲ್ಲೂ ಪರೀಕ್ಷಿಸಿ ನೋಡಿದ ಅಂಕವಿದು.

ಪರಿಸ್ಥಿತಿ ತೀವ್ರವಾದಾಗ ರಕ್ತನಾಳ ತಜ್ಞರು ನಂಬುವುದು 2014ರಲ್ಲಿ ಅಮೆರಿಕದ ರಕ್ತನಾಳ ಶಸ್ತ್ರವೈದ್ಯರ ಸಂಘ ತಂದ ವೈಫೈ ಪದ್ಧತಿಯನ್ನು. ಮೊಬೈಲಿನ ವೈಫೈಗೂ ಇದಕ್ಕೂ ಸಂಬಂಧವಿಲ್ಲ. ಗಾಯ, ರಕ್ತದ ಕೊರತೆ, ಸೋಂಕು ಈ ಮೂರಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟು, ಒಂದು ವರ್ಷದಲ್ಲಿ ಕಾಲು ಹೋಗುವ ಅಪಾಯವನ್ನು ನಾಲ್ಕು ಹಂತಗಳಲ್ಲಿ ಹೇಳುತ್ತಾರೆ. ರಕ್ತ ಸಂಚಾರ ಮರಳಿಸಿದರೆ ಎಷ್ಟು ಲಾಭವಾದೀತು ಎಂಬ ಅಂದಾಜೂ ಅದರಲ್ಲಿದೆ. ಕೀವು ಬಿಡಿಸಿ ಆಂಜಿಯೋಪ್ಲಾಸ್ಟಿ ಮಾಡಿದ ಮೇಲೆ ಮತ್ತೆ ಅಂಕ ಹಾಕಬೇಕು. ನಾಲ್ಕನೇ ಹಂತದಲ್ಲಿ ಬಂದ ಪಾದ ಚಿಕಿತ್ಸೆಯ ನಂತರ ಕೆಳಗಿನ ಹಂತಕ್ಕೆ ಇಳಿಯಬಲ್ಲದು.

ಒಂದು ಮಾತು ನೆನಪಿರಲಿ. ಈ ಅಂಕಗಳೆಲ್ಲ ನೂರಾರು ರೋಗಿಗಳ ಅನುಭವದ ಸರಾಸರಿ. ನಿಮ್ಮ ತಂದೆಯ ಅಥವಾ ಅತ್ತೆಯ ಕಾಲಿನ ಹಣೆಬರಹ ಅವುಗಳಲ್ಲಿ ಬರೆದಿಲ್ಲ. ಯಾರನ್ನು ಮೊದಲು ನೋಡಬೇಕು, ಯಾರನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಮೊದಲು ಏನು ಸರಿಪಡಿಸಬೇಕು ಎಂಬುದನ್ನು ತೀರ್ಮಾನಿಸಲು ಅವು ಇರುವುದು.

ತಪ್ಪು ಕಲ್ಪನೆ 8: "ಶುಗರ್ ಹತೋಟಿಗೆ ಬಂದರೆ ಹುಣ್ಣು ತಾನೇ ಒಣಗುತ್ತೆ"

ವಾಸ್ತವ: ಸಕ್ಕರೆ ಹತೋಟಿಯಲ್ಲಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಸೋಂಕಿನ ವಿರುದ್ಧ ದೇಹ ಹೋರಾಡಲು ಅದು ಅಗತ್ಯ. ಆದರೆ ಕಟ್ಟಿದ ಅಪಧಮನಿಯನ್ನು ಅದು ತೆರೆಯದು, ಸತ್ತ ನರಕ್ಕೆ ಜೀವ ತುಂಬದು, ಅಂಗಾಲಿನ ಮೇಲಿನ ಭಾರ ಇಳಿಸದು. ಶುಗರ್ 120ಕ್ಕೆ ಬಂದಿದೆ ಎಂದು ಸಂತೋಷಪಟ್ಟು ಉಳಿದದ್ದನ್ನು ಮರೆತರೆ ಹುಣ್ಣು ಹಾಗೆಯೇ ಕೂತಿರುತ್ತದೆ.

ಮುಂದಿನ ಗತಿ ಹೇಳುವಾಗ ವೈದ್ಯರು ಇಡೀ ದೇಹವನ್ನು ನೋಡುತ್ತಾರೆ. ಡಯಾಲಿಸಿಸ್ ಹಂತಕ್ಕೆ ಬಂದ ಮೂತ್ರಪಿಂಡ, ಸೋತ ಹೃದಯ, ಬೇರೆಯವರ ಆಸರೆಯಿಲ್ಲದೆ ಎದ್ದು ನಡೆಯಲಾಗದ ಸ್ಥಿತಿ, ಇವು ಹುಣ್ಣು ಮಾಯುವ ಸಾಧ್ಯತೆಯನ್ನು ತಗ್ಗಿಸುತ್ತವೆ ಎಂಬುದು ಯೂರೋಡಯಾಲ್‌ನಲ್ಲೂ ಕಂಡಿತು. ಬೀಡಿ, ಸಿಗರೇಟು ಬಿಡದವರ ರಕ್ತನಾಳ ತೆರೆದರೂ ಮತ್ತೆ ಕಟ್ಟಿಕೊಳ್ಳುವ ಅಪಾಯ ಹೆಚ್ಚು.

ಊಟದ ಬಗ್ಗೆಯೂ ಒಂದು ಮಾತು. 'ನಂಜು' ಎಂದು ಮೊಟ್ಟೆ, ಮೀನು, ಬೇಳೆ ಎಲ್ಲ ಬಿಡಿಸಿ ಬರೀ ಗಂಜಿ ಕುಡಿಸುವ ಮನೆಗಳು ಇನ್ನೂ ಇವೆ. ಹೊಸ ಮಾಂಸ ಕಟ್ಟಿಕೊಳ್ಳಲು ದೇಹಕ್ಕೆ ಪ್ರೋಟೀನ್ ಬೇಕು. ಮೂತ್ರಪಿಂಡದ ತೊಂದರೆ ಇರುವವರು ಎಷ್ಟು ತಿನ್ನಬಹುದೆಂದು ವೈದ್ಯರನ್ನು ಕೇಳಬೇಕು. ಉಳಿದವರು ಪಥ್ಯದ ಹೆಸರಿನಲ್ಲಿ ಉಪವಾಸ ಮಾಡಬಾರದು.

ತಪ್ಪು ಕಲ್ಪನೆ 9: "ಒಳ್ಳೆಯ ಮುಲಾಮು ಸಿಕ್ಕರೆ ಸಾಕು"

ವಾಸ್ತವ: ಅರಿಶಿನ, ಸುಣ್ಣ, ಹೊಗೆಸೊಪ್ಪು, ಕಾಫಿಪುಡಿ ಗಾಯಕ್ಕೆ ಹಾಕಬಾರದು ಎಂದು ಈಗ ಬಹಳ ಜನಕ್ಕೆ ಗೊತ್ತು. ಆದರೆ ಸಾವಿರಾರು ರೂಪಾಯಿಯ ಡ್ರೆಸ್ಸಿಂಗ್ ಹಾಕಿಸಿಕೊಂಡು ಅದೇ ಪಾದದ ಮೇಲೆ ನಡೆದು ಮನೆಗೆ ಹೋಗುವವರು ಅದೇ ತಪ್ಪನ್ನು ದುಡ್ಡು ಕೊಟ್ಟು ಮಾಡುತ್ತಾರೆ. ಅಂಗಾಲಿನ ಹುಣ್ಣು ಆದದ್ದೇ ಒತ್ತಡದಿಂದ. ಪ್ರತಿ ಹೆಜ್ಜೆಗೂ ಅದೇ ಜಾಗ ನಲುಗುತ್ತಿದ್ದರೆ ಯಾವ ಮುಲಾಮು ಏನು ಮಾಡೀತು?

ಒತ್ತಡ ತಪ್ಪಿಸಬೇಕೆಂಬ ಈ ಪಾಠವನ್ನು ಜಗತ್ತಿಗೆ ಕಲಿಸಿದ್ದರಲ್ಲಿ ನಮ್ಮ ನೆಲದ ಪಾಲೂ ಇದೆ. ಸ್ಪರ್ಶ ಕಳೆದುಕೊಂಡ ಕುಷ್ಠರೋಗಿಗಳ ಪಾದದ ಹುಣ್ಣಿಗೆ ಪಾದಕ್ಕೆ ಅಂಟಿ ಕೂರುವಂತೆ ಪ್ಲಾಸ್ಟರ್ ಹಾಕುವ ಚಿಕಿತ್ಸೆ 1930ರ ದಶಕದಲ್ಲೇ ಭಾರತ ಮತ್ತು ಸಿಲೋನಿನಲ್ಲಿ ಬಳಕೆಗೆ ಬಂದಿತ್ತು. ವೆಲ್ಲೂರಿನ ಸಿಎಂಸಿಯಲ್ಲಿ ಕುಷ್ಠರೋಗಿಗಳ ಕೈಕಾಲುಗಳ ಮೇಲೆ ಕೆಲಸ ಮಾಡಿದ ಡಾ. ಪಾಲ್ ಬ್ರ್ಯಾಂಡ್ 1960ರ ದಶಕದಲ್ಲಿ ಅಮೆರಿಕದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಅದನ್ನು ಅಲ್ಲಿ ಬೆಳೆಸಿದರು, ಮಧುಮೇಹಿಗಳಿಗೂ ಹಾಕಿದರು. ಇಂದು ಪಾದದ ಮುಂಭಾಗ ಮತ್ತು ನಡುಭಾಗದ, ನರದೋಷದಿಂದಾದ ಅಂಗಾಲಿನ ಹುಣ್ಣಿಗೆ ಮೊಣಕಾಲಿನ ತನಕ ಬರುವ, ರೋಗಿ ತಾನೇ ಬಿಚ್ಚಲಾಗದ ಇಂಥ ಸಾಧನವೇ ಮೊದಲ ಆಯ್ಕೆ. ಸೋಂಕು ಅಥವಾ ರಕ್ತದ ಕೊರತೆ ತೀವ್ರವಾಗಿದ್ದರೆ ಇದು ಸಲ್ಲದು.

2001ರ ಒಂದು ಪ್ರಯೋಗದಲ್ಲಿ 12 ವಾರಗಳಲ್ಲಿ ಪ್ಲಾಸ್ಟರ್ ಹಾಕಿದವರಲ್ಲಿ ಸುಮಾರು ಶೇ 90 ಮಂದಿಗೆ ಹುಣ್ಣು ಮಾಯಿತು; ಬಿಚ್ಚಬಹುದಾದ ಬೂಟು ಕೊಟ್ಟವರಲ್ಲಿ ಶೇ 65 ಮಂದಿಗೆ. ವ್ಯತ್ಯಾಸವೇಕೆ ಎಂಬುದಕ್ಕೆ ಇನ್ನೊಂದು ಅಧ್ಯಯನದಲ್ಲಿ ಸುಳಿವು ಸಿಕ್ಕಿತು: ಬಿಚ್ಚಬಹುದಾದ ಸಾಧನವನ್ನು ರೋಗಿಗಳು ದಿನದ ಹೆಜ್ಜೆಗಳಲ್ಲಿ ಶೇ 28ಕ್ಕೆ ಮಾತ್ರ ಹಾಕಿಕೊಂಡಿದ್ದರು. ಮನೆಯೊಳಗೆ ನಾಲ್ಕು ಹೆಜ್ಜೆ ತಾನೇ ಎಂದು ಬಿಚ್ಚಿಟ್ಟ ಆ ಹೆಜ್ಜೆಗಳೇ ಗಾಯವನ್ನು ಉಳಿಸಿದವು.

ತಪ್ಪು ಕಲ್ಪನೆ 10: "ಶುಗರ್ ಗಾಯ ಅಲ್ವಾ, ತಿಂಗಳುಗಟ್ಟಲೆ ಆಗುತ್ತೆ, ಕಾಯೋಣ"

ವಾಸ್ತವ: ಪೂರ್ತಿ ಮಾಯಲು ತಿಂಗಳುಗಳು ಬೇಕಾಗಬಹುದು, ಆದರೆ ದಾರಿ ಸರಿಯಿದೆಯೇ ಎಂಬುದು ನಾಲ್ಕೇ ವಾರದಲ್ಲಿ ತಿಳಿಯುತ್ತದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಾಲ್ಕು ವಾರಗಳಲ್ಲಿ ಹುಣ್ಣಿನ ವಿಸ್ತಾರ ಅರ್ಧಕ್ಕಿಂತ ತುಸು ಹೆಚ್ಚು ಕುಗ್ಗಿದವರಲ್ಲಿ ಶೇ 58 ಮಂದಿಗೆ 12 ವಾರಕ್ಕೆ ಪೂರ್ತಿ ಮಾಯಿತು. ಅಷ್ಟು ಕುಗ್ಗದವರಲ್ಲಿ ಮಾಯಿದ್ದು ಶೇ 9 ಮಂದಿಗೆ ಮಾತ್ರ.

ಮನೆಯವರೂ ಈ ಲೆಕ್ಕ ಇಡಬಹುದು. ಡ್ರೆಸ್ಸಿಂಗ್ ಬದಲಿಸುವಾಗ ಗಾಯದ ಪಕ್ಕದಲ್ಲಿ ಸ್ಕೇಲ್ ಹಿಡಿದು, ಮುಟ್ಟಿಸದೆ, ವಾರಕ್ಕೊಮ್ಮೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅತಿ ಉದ್ದವನ್ನು ಅತಿ ಅಗಲದಿಂದ ಗುಣಿಸಿ. ಮೊದಲ ದಿನ 4 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲವಿದ್ದರೆ 12. ನಾಲ್ಕು ವಾರದ ಮೇಲೆ ಅದು 6 ಅಥವಾ ಕಡಿಮೆಯಾಗಿರಬೇಕು. ಇನ್ನೂ 10ರಲ್ಲೇ ನಿಂತಿದ್ದರೆ ಅದೇ ಡ್ರೆಸ್ಸಿಂಗ್ ಮುಂದುವರಿಸುವುದು ವ್ಯರ್ಥ. ರಕ್ತ ಸಂಚಾರ, ಮೂಳೆಯ ಸೋಂಕು, ಪಾದದ ಮೇಲಿನ ಭಾರ ಮೂರನ್ನೂ ಹೊಸದಾಗಿ ಪರೀಕ್ಷಿಸಬೇಕು.

ತಪ್ಪು ಕಲ್ಪನೆ 11: "ಕಪ್ಪಾದ ಬೆರಳು ತೆಗೆಸಿಬಿಟ್ಟರೆ ಮುಗಿಯಿತು"

ವಾಸ್ತವ: ಒಣಗಿ ಕಪ್ಪಾದ ಬೆರಳು, ಸೋಂಕಿಲ್ಲದಿದ್ದರೆ, ತುರ್ತಲ್ಲ. ರಕ್ತನಾಳ ಪರೀಕ್ಷಿಸಲು, ತೆರೆಯಲು ಸಮಯವಿದೆ. ರಕ್ತ ಹರಿಸದೆ ಬೆರಳು ಕತ್ತರಿಸಿದರೆ ಆ ಗಾಯವೂ ಮಾಯದೆ ಪಾದ, ಆಮೇಲೆ ಮೊಣಕಾಲು ಎಂದು ಮೇಲೇರುತ್ತದೆ. ಒದ್ದೆಯಾಗಿ, ಕೊಳೆತು, ನಾರುವ ಗ್ಯಾಂಗ್ರೀನ್ ಬಂದರೆ ಕತೆ ಬೇರೆ. ಅಲ್ಲಿ ಮೊದಲು ಕೀವು, ಕೊಳೆತ ಭಾಗ ತೆಗೆಯಬೇಕು, ಬೆನ್ನಲ್ಲೇ ರಕ್ತನಾಳದ ಚಿಕಿತ್ಸೆ.

ಇದಕ್ಕೆ ವಿರುದ್ಧವಾದ ಮಾತೂ ಕೇಳಿಬರುತ್ತದೆ: "ಒಂದೇ ಸಲ ಮೊಣಕಾಲಿನಿಂದ ತೆಗೆಸಿಬಿಡಿ, ನೆಮ್ಮದಿ." ಪಾದದ ಹುಣ್ಣಾದವರಲ್ಲಿ ಐದು ವರ್ಷದೊಳಗೆ ಸುಮಾರು ಶೇ 30 ಮಂದಿ ಸಾಯುತ್ತಾರೆ, ಕಣಕಾಲಿನಿಂದ ಮೇಲಕ್ಕೆ ಕಾಲು ತೆಗೆಸಿಕೊಂಡವರಲ್ಲಿ ಅದು ಅರ್ಧವನ್ನೂ ಮೀರುತ್ತದೆ ಎಂದು 2020ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕ ಹೇಳುತ್ತದೆ. ಕತ್ತರಿಸಿದ್ದೇ ಅಷ್ಟೂ ಸಾವಿಗೆ ಕಾರಣ ಎನ್ನಲಾಗದು. ಪಾದದ ರಕ್ತನಾಳ ಕಟ್ಟಿದವರ ಹೃದಯ ಮತ್ತು ಮಿದುಳಿನ ನಾಳಗಳೂ ಕೆಟ್ಟಿರುತ್ತವೆ. ಆದ್ದರಿಂದ ಪಾದದ ಹುಣ್ಣಾದ ಪ್ರತಿಯೊಬ್ಬರ ಹೃದಯವನ್ನೂ ಪರೀಕ್ಷಿಸಬೇಕು, ಕೊಲೆಸ್ಟರಾಲ್ ಮತ್ತು ರಕ್ತದೊತ್ತಡಕ್ಕೆ ಚಿಕಿತ್ಸೆ ಕೊಡಬೇಕು. ಹಾಗೆಂದು ಕಾಲು ತೆಗೆಯುವುದೇ ಸರಿಯಾದ ಸಂದರ್ಭಗಳೂ ಇವೆ: ಸೋಂಕು ಜೀವಕ್ಕೇ ಬಂದಾಗ, ಉಳಿಸಿದರೂ ನಡೆಯಲು ಬಾರದಷ್ಟು ಪಾದ ಹಾಳಾದಾಗ. ಪರಿಸ್ಥಿತಿ ಅಷ್ಟು ತುರ್ತಾಗಿಲ್ಲದಿದ್ದರೆ, ರಕ್ತನಾಳ ಪರೀಕ್ಷೆ ಆಗದೆ ಆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ.

ತಪ್ಪು ಕಲ್ಪನೆ 12: "ಮಾಯಿತು, ಇನ್ನು ಹಳೆಯ ಚಪ್ಪಲಿ ಹಾಕಬಹುದು"

ವಾಸ್ತವ: ಮಾಯಿದ ಹುಣ್ಣುಗಳಲ್ಲಿ ಸುಮಾರು ಶೇ 40 ಒಂದೇ ವರ್ಷದಲ್ಲಿ, ಶೇ 65 ಐದು ವರ್ಷದಲ್ಲಿ ಮರುಕಳಿಸುತ್ತವೆ. ಚರ್ಮ ಮುಚ್ಚಿತೇ ಹೊರತು ನರ, ಮೂಳೆಯ ಆಕಾರ, ರಕ್ತನಾಳ ಎಲ್ಲ ಹಾಗೆಯೇ ಇವೆ. ಹಿಂದೆ ಹುಣ್ಣಾಗಿತ್ತು ಎಂಬುದೇ ಮುಂದಿನ ಹುಣ್ಣಿನ ಅತಿ ಬಲವಾದ ಮುನ್ಸೂಚನೆ.

ದಿನಾ ರಾತ್ರಿ ಅಂಗಾಲು, ಬೆರಳ ಸಂದು ನೋಡಬೇಕು. ಬಗ್ಗಲಾಗದಿದ್ದರೆ ಕನ್ನಡಿ ಅಥವಾ ಮನೆಯವರ ಕಣ್ಣು. ಬರಿಗಾಲು ಮನೆಯೊಳಗೂ ಬೇಡ. ಬೆರಳ ನಡುವೆ ಪಟ್ಟಿ ಬರುವ ಹವಾಯಿ ಚಪ್ಪಲಿಯ ಬದಲು ಹಿಂದೆ ಪಟ್ಟಿಯಿರುವ, ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲಾರ್ ರಬ್ಬರ್) ಚಪ್ಪಲಿ. ಜಡ್ಡು, ಆಣಿಯನ್ನು ಬ್ಲೇಡಿನಿಂದ ಕೆತ್ತಿಕೊಳ್ಳದೆ ಆಸ್ಪತ್ರೆಯಲ್ಲಿ ತೆಗೆಸಬೇಕು. ಒಂದು ಪಾದದ ಯಾವುದೇ ಜಾಗ ಇನ್ನೊಂದು ಪಾದದ ಅದೇ ಜಾಗಕ್ಕಿಂತ ಬಿಸಿಯಾಗಿದ್ದರೆ, ಗಾಯ ಕಾಣದಿದ್ದರೂ, ನಡಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಹುಣ್ಣು ಒಮ್ಮೆ ಆದವರು ಒಂದರಿಂದ ಮೂರು ತಿಂಗಳಿಗೊಮ್ಮೆ ಪಾದ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಕೇಳಬೇಕಾದ ಐದು ಪ್ರಶ್ನೆಗಳು

"ಕಾಲು ಉಳಿಯುತ್ತಾ?" ಎಂಬ ಪ್ರಶ್ನೆಗೆ ಯಾವ ಪ್ರಾಮಾಣಿಕ ವೈದ್ಯರೂ ಒಂದೇ ಪದದ ಉತ್ತರ ಕೊಡಲಾರರು. ಅದನ್ನು ಐದಾಗಿ ಬಿಡಿಸಿ ಕೇಳಿ: ಜಡ್ಡು ತೆಗೆದ ಮೇಲೆ ಗಾಯದ ಆಳ ಎಷ್ಟು, ಮೂಳೆ ತಾಗುತ್ತಿದೆಯೇ? ಬೆರಳಿನ ತನಕ ರಕ್ತ ಹೋಗುತ್ತಿದೆಯೇ, ಹೇಗೆ ಅಳೆದಿರಿ? ಸೋಂಕು ಇದೆಯೇ, ಎಷ್ಟು ತೀವ್ರ? ಪಾದದ ಮೇಲಿನ ಭಾರ ತಪ್ಪಿಸಲು ಏನು ಮಾಡಿದ್ದೇವೆ? ಹುಣ್ಣಿನ ವಿಸ್ತಾರ ನಾಲ್ಕು ವಾರದ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ?

ಈ ಐದಕ್ಕೆ ಉತ್ತರ ಸಿಕ್ಕರೆ ಮುಂದೇನಾದೀತು ಎಂಬುದು ಬಹುಪಾಲು ತಿಳಿಯುತ್ತದೆ, ಅದನ್ನು ಬದಲಿಸಲು ಎಲ್ಲಿ ಕೈಹಾಕಬೇಕು ಎಂಬುದೂ ತಿಳಿಯುತ್ತದೆ. ಉತ್ತರ ಸಿಗದಿದ್ದರೆ ಸಿಗುವ ಕಡೆಗೆ ಹೋಗಿ, ಇವತ್ತೇ ಹೋಗಿ.